ಪುಕ್ಕಟೆ ಸಿಗುವ ಸಾಫ್ಟ್‌ವೇರಿಗೆ ಬಿಲ್ ಹೇಗೆ ಹಾಕ್ತೀರಿ?

ಓಪನ್ ಸೋರ್ಸ್, ಅಂದರೆ ಕೋಡ್ ಯಾರು ಬೇಕಾದರೂ ನೋಡಿ ಬಳಸಬಹುದಾದ ಸಾಫ್ಟ್‌ವೇರ್ ಇಟ್ಟುಕೊಂಡು ಕಂಪನಿಗಳಿಗೆ ಕೆಲಸ ಮಾಡಿಕೊಡುತ್ತೇನೆ ಅಂದ ಕೂಡಲೇ ಬರುವ ಪ್ರಶ್ನೆ ಇದು. ಗ್ರಾಹಕರೂ ಕೇಳುತ್ತಾರೆ, ಇದೇ ದಾರಿ ಹಿಡಿಯಬೇಕೆಂದಿರುವವರೂ ಕೇಳುತ್ತಾರೆ.

ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ. ದುಡ್ಡು ತೆಗೆದುಕೊಳ್ಳಬಾರದು ಎಂದು ಇಂಥ ಬಹಳಷ್ಟು ಸಾಫ್ಟ್‌ವೇರಿಗಿರುವ ಜಿಪಿಎಲ್ ಲೈಸೆನ್ಸ್ ಎಲ್ಲೂ ಹೇಳುವುದಿಲ್ಲ. ಆ ಲೈಸೆನ್ಸ್ ಬರೆದ ರಿಚರ್ಡ್ ಸ್ಟಾಲ್‌ಮನ್ ಅವರೇ 1985ರಲ್ಲಿ ತಮ್ಮ ಇಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರ್‌ನ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು. ಆದರೆ ಕೊಂಡವರು ಅದನ್ನು ಇನ್ನೊಬ್ಬರಿಗೆ ಸುಮ್ಮನೆ ಕೊಟ್ಟರೆ ತಡೆಯುವಂತಿಲ್ಲ. ಹಾಗಾಗಿ ಬರೀ ಕೋಡ್ ಮಾರಿ ಹೊಟ್ಟೆ ತುಂಬುವುದಿಲ್ಲ.

ಅದೇ ಲೈಸೆನ್ಸ್‌ನಲ್ಲಿ ಇನ್ನೊಂದು ಮಾತಿದೆ: ಇದಕ್ಕೆ ಯಾವ ವಾರಂಟಿಯೂ ಇಲ್ಲ. ನಮ್ಮ ವ್ಯಾಪಾರ ಹುಟ್ಟುವುದು ಅಲ್ಲಿ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ, ಅನೇಕ ಪ್ರೋಗ್ರಾಂಗಳೊಳಗೆ ಸೇರಿಕೊಂಡಿರುವ ಓಪನ್ ಸೋರ್ಸ್ ತುಣುಕಿನ ದೋಷ ಹೊರಬಿದ್ದಾಗ ಅದನ್ನು ಸರಿಪಡಿಸುವ ಪ್ಯಾಚ್ ಎಲ್ಲರಿಗೂ ಪುಕ್ಕಟೆಯೇ ಸಿಕ್ಕಿತು. ಮೊದಲ ಪ್ಯಾಚ್ ಸಾಲದೆ ಅದೇ ತಿಂಗಳು ಮತ್ತೆ ಮತ್ತೆ ಹೊಸ ಆವೃತ್ತಿ ಬಂತು. ಲಾಗ್‌ಫೋರ್‌ಜೆ ಕಂಪನಿಯ ಯಾವ ಸರ್ವರ್‌ನಲ್ಲಿ ಕೂತಿದೆ ಎಂದು ಹುಡುಕಿ, ಪ್ರತಿ ಸಲವೂ ಅಪ್‌ಡೇಟ್ ಮಾಡಲು ಜನ ಬೇಕಲ್ಲ? ಲಿನಕ್ಸ್ ಕಂಪನಿ ರೆಡ್ ಹ್ಯಾಟ್ ಚಂದಾ ರೂಪದಲ್ಲಿ ಮಾರಿದ್ದು ಇಂಥ ಹೊಣೆಯನ್ನೇ. 2019ರಲ್ಲಿ ಐಬಿಎಂ ಆ ಕಂಪನಿಯನ್ನು ಸುಮಾರು 3,400 ಕೋಟಿ ಡಾಲರಿಗೆ ಕೊಂಡುಕೊಂಡಿತು.

ಇನ್ನು ಬೆಲೆ. ಕೊಟೇಷನ್‌ನಲ್ಲಿ ಲೈಸೆನ್ಸ್ ಎದುರು ಸೊನ್ನೆ ಎಂದೇ ಬರೆಯುತ್ತೇನೆ. ಮುಚ್ಚಿಟ್ಟರೆ ಅವರ ಐಟಿ ವಿಭಾಗದವರು ಗೂಗಲ್ ಮಾಡಿ ಹೇಳಿಯೇ ಹೇಳುತ್ತಾರೆ, ಆಮೇಲೆ ಉಳಿದ ಅಂಕಿಗಳನ್ನೂ ನಂಬುವುದಿಲ್ಲ. ಅದರ ಕೆಳಗೆ ಇನ್‌ಸ್ಟಾಲೇಷನ್, ತರಬೇತಿ, ಇವೆರಡಕ್ಕೂ ಅಂದಾಜು ಸುಲಭ. ಕೈಸುಡುವುದು ಡೇಟಾ ಮೈಗ್ರೇಷನ್, ಅಂದರೆ ಹಳೆಯ ಮಾಹಿತಿಯನ್ನು ಹೊಸ ವ್ಯವಸ್ಥೆಗೆ ಸಾಗಿಸುವುದು. ಹಳೆಯ ಎಕ್ಸೆಲ್ ಶೀಟುಗಳಲ್ಲಿ ಒಬ್ಬನೇ ಗ್ರಾಹಕ ಮೂರು ಸ್ಪೆಲಿಂಗ್‌ನಲ್ಲಿ ಇರುತ್ತಾನೆ. ತಾರೀಖುಗಳಲ್ಲಿ ಅರ್ಧಕ್ಕೆ ದಿನ ಮೊದಲು, ಇನ್ನರ್ಧಕ್ಕೆ ತಿಂಗಳು ಮೊದಲು. ಆದ್ದರಿಂದ ಡೇಟಾ ನೋಡದೆ ಮೊತ್ತ ಹೇಳುವುದಿಲ್ಲ. ಮೊದಲು ಸಣ್ಣ ಶುಲ್ಕಕ್ಕೆ ಪರಿಶೀಲನೆ, ನಂತರ ಒಟ್ಟು ಬೆಲೆ.

ವಾರ್ಷಿಕ ನಿರ್ವಹಣೆಗೆ ತಲೆ ಎಣಿಸಿ ಬೆಲೆ ಕಟ್ಟುವುದು ನನಗೆ ಒಗ್ಗದು. ಹತ್ತು ಜನ ಹೆಚ್ಚು ಲಾಗಿನ್ ಆದರೆ ನನ್ನ ಕೆಲಸವೇನೂ ಅಷ್ಟು ಹೆಚ್ಚುವುದಿಲ್ಲ. ಎಷ್ಟು ಸರ್ವರ್, ಕರೆ ಬಂದರೆ ಎಷ್ಟು ಹೊತ್ತಿನೊಳಗೆ ನೋಡಬೇಕು, ಆವೃತ್ತಿ ಬದಲಾವಣೆ ಯಾರ ಪಾಲು, ಇದರ ಮೇಲೆ ಲೆಕ್ಕ. ಕೊನೆಯದನ್ನು ಒಪ್ಪಂದದಲ್ಲಿ ಬರೆಯಲೇಬೇಕು. ಪೋಸ್ಟ್‌ಗ್ರೆಸ್ ಎಂಬ ಓಪನ್ ಸೋರ್ಸ್ ಡೇಟಾಬೇಸ್‌ನ ಪ್ರತಿ ಪ್ರಮುಖ ಆವೃತ್ತಿಗೂ ಐದು ವರ್ಷ ಮಾತ್ರ ಬೆಂಬಲ. ಗ್ರಾಹಕರು ಹೇಳಿ ಮಾಡಿಸಿಕೊಂಡ ತಿದ್ದುಪಡಿಗಳಿದ್ದರೆ ಪ್ರತಿ ಅಪ್‌ಗ್ರೇಡ್‌ನಲ್ಲೂ ಅವನ್ನು ಮತ್ತೆ ಹೊಂದಿಸಬೇಕು.

"ಸ್ವಲ್ಪ ಕಡಿಮೆ ಮಾಡ್ಕೊಳ್ಳಿ" ಎಂದು ಪರ್ಚೇಸ್‌ನವರು ಕೇಳಿಯೇ ಕೇಳುತ್ತಾರೆ. ದರ ಮುಟ್ಟುವುದಿಲ್ಲ. ರಾತ್ರಿ ಕರೆ ಬೇಡವೇ? ಆ ಸಾಲು ಹೊಡೆದುಹಾಕಿ ಹೊಸ ಕೊಟೇಷನ್ ಕಳಿಸುತ್ತೇನೆ.