ಕಮಿನೊ ದಾರಿಯ ತಂಗುದಾಣಗಳಲ್ಲಿ ಅಡುಗೆ, ಊಟ

ಫ್ರಾನ್ಸಿನ ಗಡಿಯೂರಾದ ಸೇನ್-ಝಾನ್-ಪಿಯೆ-ದ-ಪೋರ್‌ನಿಂದ ಸ್ಪೇನಿನ ಸಾಂತಿಯಾಗೊವರೆಗಿನ ಸುಮಾರು 780 ಕಿ.ಮೀ. ‘ಕಮಿನೊ’ ಎಂಬ ಕ್ರೈಸ್ತ ಯಾತ್ರೆಯ ದಾರಿಯನ್ನು ನಾನು 35 ದಿನಗಳಲ್ಲಿ ನಡೆದು ಮುಗಿಸಿದೆ. ರಾತ್ರಿಗಳನ್ನು ಕಳೆದದ್ದು ‘ಅಲ್ಬೆರ್ಗೆ’ ಎಂಬ ಯಾತ್ರಿಕರ ತಂಗುದಾಣಗಳಲ್ಲಿ. ಅಲ್ಲಿರುವುದು ಒಂದರ ಮೇಲೊಂದು ಜೋಡಿಸಿದ ಮಂಚಗಳು, ಎಲ್ಲರಿಗೂ ಸೇರಿದ ಸ್ನಾನದ ಮನೆ ಮತ್ತು ಹಲವು ಕಡೆ ಒಂದು ಅಡುಗೆಮನೆ. ಇದೇ ದಾರಿಗೆ ಹೊರಟಿರುವವರಿಗೆ, ಅದರಲ್ಲೂ ನನ್ನಂತೆ ಸಸ್ಯಾಹಾರಿಗಳಾದವರಿಗೆ, ಊಟದ ವಿಷಯದಲ್ಲಿ ತಿಳಿದಿರಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಡುಗೆಮನೆಯನ್ನು ಕಣ್ಣಾರೆ ನೋಡಿ, ಆಮೇಲೆ ಸಾಮಾನು ಕೊಳ್ಳಲು ಹೋಗಿ. ಅಡುಗೆಮನೆ ಇದೆ ಎಂದ ಮಾತ್ರಕ್ಕೆ ಅಲ್ಲಿ ಪಾತ್ರೆಯಿದೆ ಎಂದಲ್ಲ. ದಾರಿಯ ಕೊನೆಯಲ್ಲಿ ಬರುವ ಗಲೀಸಿಯಾ ಪ್ರಾಂತ್ಯದ ಹಲವು ಸಾರ್ವಜನಿಕ ತಂಗುದಾಣಗಳಲ್ಲಿ ಒಲೆಯೂ ಸಿಂಕೂ ಇರುತ್ತವೆ, ಆದರೆ ಒಂದು ಚಮಚವೂ ಸಿಗುವುದಿಲ್ಲ. ಅಲ್ಲಿನ ಒ ಸೆಬ್ರೆಯಿರೊ ಬೆಟ್ಟವನ್ನು ಹತ್ತಿ ಇಳಿದ ಮರುದಿನ ಅಕ್ಕಿ, ಟೊಮೆಟೊ, ಈರುಳ್ಳಿ ಹಿಡಿದುಕೊಂಡು ಒಳಗೆ ಹೋದ ನಾನು, ಕಪಾಟುಗಳೆಲ್ಲ ಬರಿದಾಗಿರುವುದನ್ನು ನೋಡಿ, ಆ ರಾತ್ರಿ ಬ್ರೆಡ್ಡು ಟೊಮೆಟೊ ತಿಂದು ಮಲಗಬೇಕಾಯಿತು. ಆದ್ದರಿಂದ ಮುಚ್ಚಳವಿರುವ ಒಂದು ಲೀಟರಿನ ಸ್ಟೀಲ್ ಪಾತ್ರೆಯನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಕೆಲವು ಕಡೆ ಇಂಡಕ್ಷನ್ ಒಲೆ ಇರುವುದರಿಂದ ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿಕೊಳ್ಳಿ.

ಸಣ್ಣ ಊರುಗಳ ಅಂಗಡಿಗಳು ಮಧ್ಯಾಹ್ನ ಸುಮಾರು 2ರಿಂದ 5ರವರೆಗೆ ಮುಚ್ಚಿರುತ್ತವೆ, ಭಾನುವಾರ ಅನೇಕವು ತೆರೆಯುವುದೇ ಇಲ್ಲ. ಶನಿವಾರ ಸಂಜೆಯೇ ಎರಡು ಹೊತ್ತಿಗೆ ಆಗುವಷ್ಟು ಕೊಂಡಿಟ್ಟುಕೊಳ್ಳಿ. ಕಾರ್ರಿಯೊನ್ ಎಂಬ ಊರು ದಾಟಿದ ಮೇಲೆ ಸುಮಾರು 17 ಕಿ.ಮೀ. ದೂರ ಒಂದು ಹಳ್ಳಿಯೂ ಇಲ್ಲವಾದ್ದರಿಂದ ಅಲ್ಲಿಗೆ ನೀರು ಮತ್ತು ಬುತ್ತಿ ಎರಡೂ ಬೇಕು.

ನನ್ನನ್ನು ಹೆಚ್ಚು ದಿನ ಸಾಕಿದ್ದು ಗಾಜಿನ ಬಾಟಲಿಯಲ್ಲಿ ಬರುವ ಬೆಂದ ಕಡಲೆ. ನೀರು ಬಸಿದರೆ ಸುಮಾರು 400 ಗ್ರಾಂ ಉಳಿಯುತ್ತದೆ, ಇಬ್ಬರಿಗೆ ಧಾರಾಳವಾಗಿ ಸಾಕು. ಚೀಟಿಯ ಮೇಲೆ ‘ಕೊಸಿದೊಸ್’ ಅಥವಾ ‘ಕೊಸಿದಾಸ್’ ಎಂದಿದ್ದರೆ ಸಾಮಾನ್ಯವಾಗಿ ಬರಿಯ ಬೆಂದ ಕಾಳು. ‘ಚೊರಿಸೊ’ ಎಂಬ ಪದ ಕಂಡರೆ ಅದರಲ್ಲಿ ಹಂದಿಮಾಂಸವಿದೆ. ಕಡಲೆಯನ್ನು ಎರಡು ಸಲ ತೊಳೆದು, ಆಲಿವ್ ಎಣ್ಣೆಯಲ್ಲಿ ಜೀರಿಗೆ, ಬೆಳ್ಳುಳ್ಳಿ, ಟೊಮೆಟೊ ಬಾಡಿಸಿ, ಒಂದು ಚಮಚ ಸಾರಿನ ಪುಡಿ ಹಾಕಿ, ಅರ್ಧದಷ್ಟು ಕಾಳನ್ನು ಚಮಚದ ಹಿಂಬದಿಯಿಂದ ಮಸೆದರೆ, ಹತ್ತು ನಿಮಿಷದ ಕುದಿಗೆ ರಸ ಗಟ್ಟಿಯಾಗುತ್ತದೆ. ಅಲ್ಲಿನ ಗಟ್ಟಿ ಸಿಪ್ಪೆಯ ಬ್ರೆಡ್ಡನ್ನು ಅದರಲ್ಲಿ ಅದ್ದಿ ತಿನ್ನುವಾಗ ದಿನವೆಲ್ಲ ನಡೆದ ಕಾಲಿನ ನೋವು ನಿಜಕ್ಕೂ ಮರೆತುಹೋಗುತ್ತಿತ್ತು. ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆಯನ್ನು ಮಾತ್ರ ಬಿಟ್ಟುಬಿಡಿ. ಅದರ ಘಾಟು ಪಕ್ಕದ ಮಲಗುವ ಕೋಣೆಗೆ ಹೋಗುತ್ತದೆ, ಅಲ್ಲಿ ದಣಿದವರು ಸಂಜೆಯೇ ನಿದ್ದೆಗೆ ಜಾರಿರುತ್ತಾರೆ.

ಮನೆಯಿಂದ ಒಯ್ದ ಪುಡಿಗಳು ಎಲ್ಲ ಸೇರಿ 150 ಗ್ರಾಂ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ತರುವಂತಿಲ್ಲ, ಹಾಗಾಗಿ ತುಪ್ಪವನ್ನು ಮನೆಯಲ್ಲೇ ಬಿಡಿ.

ಹೋಟೆಲಿನಲ್ಲಿ ಉಣ್ಣುವ ದಿನ ‘ಎನ್ಸಲಾದಾ ಮಿಕ್ಸ್ತಾ’ ಎಂಬ ಸಲಾಡಿನ ಮೇಲೆ ಸಾಮಾನ್ಯವಾಗಿ ಟ್ಯೂನಾ ಮೀನು ಹಾಕಿರುತ್ತಾರೆ. ‘ಮಾಂಸ ಬೇಡ’ ಎಂದರೆ ಸಾಲದು, ‘ಸಿನ್ ಹಮೊನ್, ಸಿನ್ ಅತೂನ್’ ಎಂದು ಹಂದಿಮಾಂಸ, ಮೀನು ಎರಡನ್ನೂ ಹೆಸರಿಸಿ ಬೇಡವೆನ್ನಿ. ಗ್ರನ್ಯೊನ್ ಊರಿನ ಚರ್ಚಿಗೆ ಸೇರಿದ ತಂಗುದಾಣದಂಥ ಕಡೆಗಳಲ್ಲಿ ಯಾತ್ರಿಕರೆಲ್ಲ ಒಟ್ಟಿಗೆ ಉಣ್ಣುತ್ತಾರೆ. ಬೇಗ ತಲುಪಿ, ತರಕಾರಿ ಹೆಚ್ಚಲು ಕೈಜೋಡಿಸಿ, ಕೈಲಾದಷ್ಟು ಹಣವನ್ನು ಕಾಣಿಕೆ ಪೆಟ್ಟಿಗೆಗೆ ಹಾಕಿ.

ರಾತ್ರಿ 10ಕ್ಕೆ ದೀಪ ಆರಿಸುವುದರಿಂದ 8ರೊಳಗೆ ಒಲೆ ಬಿಟ್ಟುಕೊಡಬೇಕು, ಸರದಿಗಾಗಿ ಇನ್ನೊಬ್ಬರು ಕಾದಿರುತ್ತಾರೆ. ಪಾತ್ರೆ ತೊಳೆದು ಒರೆಸಿಟ್ಟು, ಉಳಿದ ಉಪ್ಪು, ಪಾಸ್ತಾ, ಅರ್ಧ ಬಾಟಲಿ ಎಣ್ಣೆಯನ್ನು ಮುಂದಿನವರಿಗೆಂದು ಕಪಾಟಿನಲ್ಲಿ ಬಿಡಿ. ನನ್ನ ಮೊದಲ ವಾರದ ಅಡುಗೆಗಳಿಗೆಲ್ಲ ಉಪ್ಪು ಸಿಕ್ಕಿದ್ದು ಹಾಗೆ ಯಾರೋ ಬಿಟ್ಟುಹೋದ ಪೊಟ್ಟಣಗಳಿಂದಲೇ.