ಪಾಳು ಹೆಂಚಿನ ಕಾರ್ಖಾನೆಯ ಹಾರರ್ ಕಿರುಚಿತ್ರ: ಹೆಲ್ಮೆಟ್ ರಿಗ್ ಸಿದ್ಧ, ಶಬ್ದ ಅರ್ಧ

ನಟರು ತಲೆಗೆ ಹಾಕಿಕೊಳ್ಳುವ, ಎರಡು ಕ್ಯಾಮೆರಾ ಕೂರಿಸಿದ ಹೆಲ್ಮೆಟ್ ರಿಗ್ ಮುಗಿದಿದೆ. ಟಾರ್ಚ್ ಬೆಳಕಿನ ಪರೀಕ್ಷೆಯೂ ಆಗಿದೆ. ಶಬ್ದದ ಕೆಲಸ ಅರ್ಧದಲ್ಲಿದೆ. ಕಥೆ ಇಷ್ಟೇ: ಮಂಗಳೂರು ಕಡೆಯ ಮುಚ್ಚಿದ ಹೆಂಚಿನ ಕಾರ್ಖಾನೆಯೊಂದಕ್ಕೆ ರಾತ್ರಿ ನುಗ್ಗುವ ಮೂವರು, ಅವರ ಕ್ಯಾಮೆರಾ ಕಂಡದ್ದಷ್ಟೇ ಚಿತ್ರ. ಇಡೀ ಕೆಲಸ ಒಂದು ನಿಯಮದ ಮೇಲೆ ನಿಂತಿದೆ. ಪಾತ್ರದ ಬಳಿ ಇಲ್ಲದ ಬೆಳಕು ಕಾಣಬಾರದು, ಪಾತ್ರಕ್ಕೆ ಕೇಳದ ಶಬ್ದ ನೋಡುಗನಿಗೂ ಕೇಳಬಾರದು. ಈ ಬಗೆಯ ಚಿತ್ರದಲ್ಲಿ ಭಯ ಇರುವುದು ಟಾರ್ಚ್ ಬೆಳಕು ಸೋತು ನಿಲ್ಲುವ ಜಾಗದಲ್ಲಿ. ಅಲ್ಲಿಗೆ ಇನ್ನೊಂದು ಲೈಟ್ ಬಿಟ್ಟರೆ ಬರೀ ಗೋಡೆ ಕಾಣುತ್ತದೆ.

ನಟನ ಮುಖದತ್ತ ಒಂದು ಕ್ಯಾಮೆರಾ, ಅವನ ಎದುರಿನ ದೃಶ್ಯದತ್ತ ಇನ್ನೊಂದು. ನಟರೇ ಕ್ಯಾಮೆರಾ ಕಟ್ಟಿಕೊಂಡು ಓಡಾಡುವ ಈ ವಿಧಾನ 2018ರ ಕೊರಿಯನ್ ಚಿತ್ರ 'ಗೊಂಜಿಯಮ್'ನಲ್ಲಿ ಚೆನ್ನಾಗಿ ಕೆಲಸ ಮಾಡಿದೆ. ಆಸ್ಪತ್ರೆಯ ಕಥೆಯನ್ನು ಅವರು ಚಿತ್ರೀಕರಿಸಿದ್ದು ಬುಸಾನ್‌ನ ಒಂದು ಖಾಲಿ ಶಾಲೆಯಲ್ಲಿ. ಹಾಗಾಗಿ ನಿಜವಾದ ಜಾಗವೇ ಬೇಕೆಂಬ ಹಟ ಬೇಡ, ಕಾರಿಡಾರ್ ಉದ್ದ ಇದ್ದರೆ ಸಾಕು.

ರಿಗ್‌ಗೆ ಬಳಸಿರುವುದು ರ‍್ಯಾಚೆಟ್ ತಿರುಪು (ತಲೆಯ ಅಳತೆಗೆ ಬಿಗಿಸುವ ಗುಬ್ಬಿ) ಇರುವ ಸಾಮಾನ್ಯ ಸೇಫ್ಟಿ ಹೆಲ್ಮೆಟ್ ಮತ್ತು 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ. ಪಟ್ಟಿಯನ್ನು ಕೊಳವೆಯ ಮೇಲಿಟ್ಟು ನಿಧಾನವಾಗಿ ಬಗ್ಗಿಸಬೇಕು. ಚೂಪು ಮೂಲೆ ಮಾಡಿದರೆ ಮಡಿಕೆಯಲ್ಲೇ ಬಿರುಕು ಬರುತ್ತದೆ. ಹೆಲ್ಮೆಟ್ ಚಿಪ್ಪಿಗೆ ಡ್ರಿಲ್ ಹಾಕಲೇಬೇಡಿ. ಮೇಲಿಂದ ಹೆಂಚು ಬಿದ್ದರೆ ಸೀಳು ಆ ತೂತಿನಿಂದಲೇ ಶುರುವಾಗುತ್ತದೆ. ಇಯರ್‌ಮಫ್ ಸಿಕ್ಕಿಸಲೆಂದು ಎರಡೂ ಬದಿಗೆ ಇರುವ ಸ್ಲಾಟ್‌ಗಳಿಗೆ ನೈಲಾನ್ ಕೇಬಲ್ ಟೈ ಹಾಕಿ ಬಿಗಿದರೆ ಸಾಕು.

ಮುಖದಿಂದ ಲೆನ್ಸ್‌ಗೆ 30 ಸೆಂ.ಮೀ. ಇರಲಿ. ಆ್ಯಕ್ಷನ್ ಕ್ಯಾಮೆರಾಗಳ ಫೋಕಸ್ ಸ್ಥಿರ, ಹತ್ತಿರ ತಂದರೆ ಮುಖ ಮಸುಕಾಗುತ್ತದೆ, ಮೂಗು ಉಬ್ಬುತ್ತದೆ. ಒಂದೇ ಪಟ್ಟಿ ಚಾಚಿದರೆ ಓಡುವಾಗ ಅದು ನಡುಗುತ್ತದೆ. ಗಲ್ಲದ ಕಡೆಯಿಂದ ಎರಡನೆಯ ಪಟ್ಟಿ ಕೊಟ್ಟು ತ್ರಿಕೋನ ಮಾಡಿದ ಮೇಲೆ ನಡುಕ ನಿಲ್ಲುತ್ತದೆ. ಮುಂದಿನ ಭಾರಕ್ಕೆ ಸರಿದೂಗಲು ಹಿಂದೆ 10,000 ಎಂಎಎಚ್ ಪವರ್‌ಬ್ಯಾಂಕ್. ಅದರ ಸುಮಾರು 200 ಗ್ರಾಂ ತೂಕವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಲ್ಲಕ್ಕೆ ಕಟ್ಟುವ ಹೆಲ್ಮೆಟ್ ಬೆಲ್ಟ್ ಸಡಿಲಿಸಿ ತಲೆ ಬಗ್ಗಿಸಿದಾಗ ಹೆಲ್ಮೆಟ್ ಜಾರದಿದ್ದರೆ ತೂಕ ಸರಿ.

ಕ್ಯಾಮೆರಾ ಸೆಟ್ಟಿಂಗ್: ಸೆಕೆಂಡಿಗೆ 25 ಫ್ರೇಮ್, ಶಟರ್ 1/50, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಮಿತಿ 1600, ವೈಟ್ ಬ್ಯಾಲೆನ್ಸ್ 5000 ಕೆಲ್ವಿನ್‌ಗೆ ಲಾಕ್. ಇವನ್ನು ಆಟೋದಲ್ಲಿ ಬಿಟ್ಟರೆ ಟಾರ್ಚ್ ಆಚೆ ತಿರುಗಿದ ಕೂಡಲೇ ಕ್ಯಾಮೆರಾ ಕತ್ತಲನ್ನು ಬೂದು ಬಣ್ಣಕ್ಕೆ ಎತ್ತಿಬಿಡುತ್ತದೆ. ಸ್ಟೆಬಿಲೈಸೇಷನ್ (ಅಲುಗಾಟ ಸರಿಪಡಿಸುವ ಸೌಲಭ್ಯ) ಆಫ್ ಇರಲಿ. ಅದು ಫ್ರೇಮನ್ನು ಸ್ಥಿರ ಮಾಡುತ್ತದೆಯೇ ಹೊರತು ಫ್ರೇಮಿನೊಳಗಿನ ಚಲನೆಯ ಮಸುಕನ್ನು ತೆಗೆಯಲಾರದು. ಕಡಿಮೆ ಬೆಳಕಿನಲ್ಲಿ ನಿಂತ ಚಿತ್ರವೇ ಮಿಡಿದಂತೆ ಕಾಣುತ್ತದೆ.

ಅಗ್ಗದ ಎಲ್‌ಇಡಿ ಟಾರ್ಚ್‌ಗಳನ್ನು ಲೋ ಮೋಡ್‌ನಲ್ಲಿ ಬಳಸಬೇಡಿ. ಬೆಳಕು ಕಡಿಮೆ ಮಾಡಲು ಅವು ಎಲ್‌ಇಡಿಯನ್ನು ವೇಗವಾಗಿ ಆರಿಸಿ ಹೊತ್ತಿಸುತ್ತವೆ, ಚಿತ್ರದಲ್ಲಿ ಅಡ್ಡ ಪಟ್ಟೆ ಹರಿಯುತ್ತದೆ. ಹೈ ಮೋಡ್‌ನಲ್ಲಿಟ್ಟು ಗಾಜಿನ ಮೇಲೆ ಬಟರ್ ಪೇಪರ್ ಅಂಟಿಸಿ. ಹೈ ಮೋಡ್‌ನಲ್ಲೂ ಒಂದು ತೊಡಕಿದೆ: ಬಿಸಿಯಾದಂತೆ ಅನೇಕ ಟಾರ್ಚ್‌ಗಳು ತಾವಾಗಿ ಮಂಕಾಗುತ್ತವೆ, ಒಂದೇ ದೃಶ್ಯದ ಎರಡು ಶಾಟ್ ಹೊಂದುವುದಿಲ್ಲ. ಪ್ರತಿ ಪಾತ್ರಕ್ಕೂ ಒಂದೇ ಮಾದರಿಯ ಎರಡು ಟಾರ್ಚ್ ಇಟ್ಟು ಅದಲುಬದಲು ಮಾಡುವುದೇ ದಾರಿ.

ಮುಖಕ್ಕೆ 5 ವೋಲ್ಟ್ ಸ್ಟ್ರಿಪ್‌ನಿಂದ ಕತ್ತರಿಸಿದ ಮೂರು ಎಲ್‌ಇಡಿಗಳ ತುಂಡು ಸಾಕು. ರಿಗ್ ಪಾತ್ರದ್ದೇ ಆದ್ದರಿಂದ ನಿಯಮ ಮುರಿಯುವುದಿಲ್ಲ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ 30 ಸೆಂ.ಮೀ. ದೂರದ ಮುಖಕ್ಕೆ ಬಿದ್ದದ್ದರ ನೂರರಲ್ಲಿ ಒಂದು ಪಾಲು ಮಾತ್ರ 3 ಮೀಟರ್ ದೂರದ ಗೋಡೆಗೆ ತಲುಪುತ್ತದೆ. ಬೆನ್ನ ಹಿಂದಿನ ಕಪ್ಪು ಖರ್ಚಿಲ್ಲದೆ ಸಿಗುತ್ತದೆ!

ಜೇಡಿಮಣ್ಣು ದೋಣಿಯಲ್ಲಿ ಬರುತ್ತಿದ್ದ ಕಾಲದ ಈ ಕಾರ್ಖಾನೆಗಳು ನದಿ ದಡದಲ್ಲಿವೆ, ಗಾಳಿ ಸದಾ ಒದ್ದೆ. ಎಸಿ ಕಾರಿನಿಂದ ಇಳಿಸಿದ ಲೆನ್ಸ್ ತಕ್ಷಣ ಮಂಜು ಹಿಡಿಯುತ್ತದೆ. ಕ್ಯಾಮೆರಾಗಳನ್ನು ಜಿಪ್ ಚೀಲದಲ್ಲೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ.

ಶಬ್ದಕ್ಕೆ ಕ್ಯಾಮೆರಾದ ಮೈಕ್ ನಂಬುವಂತಿಲ್ಲ. ಎಲ್ಲರೂ ಉಸಿರು ಹಿಡಿದು ನಿಂತಾಗ ಅದರ ಆಟೋ ಗೇನ್ (ಸದ್ದು ಕಡಿಮೆಯಾದರೆ ಮಟ್ಟವನ್ನು ತಾನೇ ಹೆಚ್ಚಿಸುವ ವ್ಯವಸ್ಥೆ) ಮೇಲೇರುತ್ತದೆ, ಮೌನದ ಜಾಗದಲ್ಲಿ ಬುಸ್ ಎಂಬ ಶಬ್ದ ತುಂಬುತ್ತದೆ. ಪ್ರತಿ ನಟನಿಗೆ ಕಾಲರ್ ಮೈಕ್, ಪ್ರತ್ಯೇಕ ರೆಕಾರ್ಡರ್, 48 ಕಿಲೋಹರ್ಟ್ಸ್. ರೆಕಾರ್ಡರ್‌ನಲ್ಲಿ 32-ಬಿಟ್ ಫ್ಲೋಟ್ ಎಂಬ ರೆಕಾರ್ಡಿಂಗ್ ಬಗೆ ಇದ್ದರೆ ಪಿಸುಮಾತು, ಕಿರುಚಾಟ ಎರಡೂ ಒಂದೇ ಸೆಟ್ಟಿಂಗ್‌ನಲ್ಲಿ ಉಳಿಯುತ್ತವೆ. ಶಾಟ್‌ನ ಮೊದಲಿಗೂ ಕೊನೆಗೂ ಚಿತ್ರ, ಶಬ್ದ ಹೊಂದಿಸಲು ಚಪ್ಪಾಳೆ ಬೇಕು. ಉದ್ದದ ಶಾಟ್‌ನಲ್ಲಿ ಕ್ಯಾಮೆರಾ ಮತ್ತು ರೆಕಾರ್ಡರ್ ಗಡಿಯಾರಗಳು ಸ್ವಲ್ಪ ಸ್ವಲ್ಪ ಸರಿಯುತ್ತವೆ.

ಪ್ರತಿ ಕೋಣೆಯಲ್ಲೂ ಒಂದು ನಿಮಿಷ ಖಾಲಿ ಶಬ್ದ ಹಿಡಿಯಬೇಕು, ಅದೂ ಚಿತ್ರೀಕರಣದ ಹೊತ್ತಿನಲ್ಲೇ. ಸಂಜೆಯ ಕೀಟಗಳ ದನಿ ನಡುರಾತ್ರಿಗೆ ಹೊಂದುವುದಿಲ್ಲ. ಆಮೇಲೆ ಬಲೂನು ಒಡೆದು ಅದರ ಪ್ರತಿಧ್ವನಿ ಹಿಡಿಯಿರಿ. ಕನ್ವಲ್ಯೂಷನ್ ರಿವರ್ಬ್‌ಗೆ (ಒಂದು ಜಾಗದ ಪ್ರತಿಧ್ವನಿಯನ್ನು ಬೇರೆ ಶಬ್ದಕ್ಕೆ ಹಚ್ಚುವ ಸಾಫ್ಟ್‌ವೇರ್) ಆ ಫೈಲ್ ಕೊಟ್ಟರೆ ಮನೆಯಲ್ಲಿ ರೆಕಾರ್ಡ್ ಮಾಡಿದ ಹೆಜ್ಜೆ ಸದ್ದೂ ಹೆಂಚು ಸುಡುವ ಅದೇ ಭಟ್ಟಿಯೊಳಗಿನದಾಗುತ್ತದೆ. ಈ ಪ್ರಕಾರದಲ್ಲಿ ಇದಕ್ಕಿಂತ ಬೆಲೆಬಾಳುವ ಕೆಲಸ ಇನ್ನೊಂದಿಲ್ಲ.

ಜಾಗದ ಬಗ್ಗೆ: ಮಾಲೀಕರ ಲಿಖಿತ ಅನುಮತಿ ಇಲ್ಲದೆ ಒಳಗೆ ಹೋದರೆ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅಡಿ ಅತಿಕ್ರಮ ಪ್ರವೇಶದ ಪ್ರಕರಣ ಬರಬಹುದು. ಹಗಲಿನಲ್ಲಿ ಪಕಾಸು, ರೀಪುಗಳನ್ನು ಕೆಳಗಿನಿಂದಲೇ ನೋಡಿ, ಗೆದ್ದಲು ತಿಂದ ಭಾಗದ ಕೆಳಗೆ ಸುಣ್ಣದ ಗೆರೆ ಎಳೆಯಿರಿ. ಯಾವ ಶಾಟ್ ಕೂಡ ಆ ಗೆರೆ ದಾಟಬಾರದು. ಬಾವಲಿ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಸೋಂಕು ತರಬಲ್ಲದು, ರಿಹರ್ಸಲ್‌ನಲ್ಲಿ ಎನ್95 ಕಡ್ಡಾಯ, ಹಿಕ್ಕೆ ರಾಶಿಬಿದ್ದ ಕೋಣೆಯಲ್ಲಿ ಚಿತ್ರೀಕರಣವೇ ಇಲ್ಲ. ಒಡೆದ ಆಸ್ಬೆಸ್ಟಾಸ್ ಶೀಟ್ ಇದ್ದರೂ ಅಷ್ಟೇ. ಹಾವಿಗಾಗಿ ಮೊಣಕಾಲುದ್ದದ ಗಮ್‌ಬೂಟು.

ಮುಂದಿನ ಕಂತಿಗೆ ಉಳಿದಿರುವುದು ಹೆಂಚು ಒಣಗಿಸುವ ಚಪ್ಪರ ಮತ್ತು ಭಟ್ಟಿಯ ಬಲೂನು ರೆಕಾರ್ಡಿಂಗ್, ಮಳೆ ಹಿಡಿಯುವ ಮೊದಲೇ. ಹೆಂಚಿನ ಮೇಲೆ ಮಳೆ ಬೀಳತೊಡಗಿದರೆ ಬೇರೆ ಯಾವ ಶಬ್ದಕ್ಕೂ ಜಾಗ ಇರುವುದಿಲ್ಲ.