ಆಗುಂಬೆಯಲ್ಲಿ ನೋಡಿದ ಕಾಲಿನ ಕಿವಿ

ಆಗುಂಬೆಗೆ ಬರುವವರು ಸಾಮಾನ್ಯವಾಗಿ ಸೂರ್ಯಾಸ್ತ ನೋಡೋಕೆ ಬರುತ್ತಾರೆ. ಇಲ್ಲವೇ ಕಾಳಿಂಗ ಸರ್ಪ ಕಾಣುತ್ತಾ ಅಂತ ವಿಚಾರಿಸುತ್ತಾರೆ. ನಾವು ಹೋಗಿದ್ದು ಹುಳಹುಪ್ಪಟೆ ನೋಡೋಕೆ. ಸೆಪ್ಟೆಂಬರ್ ಕೊನೆ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರಿದು. ಜಡಿಮಳೆ ಹಿಂದೆ ಸರಿದು ಆಗಾಗ ಬಿಸಿಲು ಇಣುಕುವ ಈ ದಿನಗಳಲ್ಲಿ ಯಾವ ಎಲೆ ಮಗುಚಿದರೂ ಅಡಿಯಲ್ಲಿ ಯಾರೋ ಕೂತಿರುತ್ತಾರೆ. ಹೆಬ್ರಿ, ಸೋಮೇಶ್ವರ ದಾಟಿ ಘಾಟಿಯ 14 ತಿರುವು ಹತ್ತಿ ಮೇಲೆ ಬರುವಷ್ಟರಲ್ಲಿ ಮಂಜು ಮುಸುಕಿತ್ತು. ಸೂರ್ಯಾಸ್ತ ಕಾಣಲಿಲ್ಲ. ಅದಕ್ಕೆ ಬೇಸರವೂ ಆಗಲಿಲ್ಲ.

ಜೊತೆಗಿದ್ದ ಗೆಳೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾನೆ. ಅವನ ಜೇಬಿನಲ್ಲಿ ಸದಾ ಒಂದು ಪುಟ್ಟ ಭೂತಗನ್ನಡಿ. ರಾತ್ರಿ ಊಟ ಆದ ಮೇಲೆ ನಾವು ಉಳಿದಿದ್ದ ಮನೆಯ ಹಿತ್ತಲಲ್ಲಿ ಬಿಳಿ ಪಂಚೆ ಕಟ್ಟಿ, ಮುಂದೆ ಲೈಟ್ ಇಟ್ಟೆವು. ಅರ್ಧ ಗಂಟೆಯೊಳಗೆ ಪಂಚೆ ತುಂಬಾ ಜೀವಗಳು.

ಮೊದಲು ಕೈಗೆ ಹತ್ತಿರ ಸಿಕ್ಕಿದ್ದು ಒಂದು ಎಲೆ ಮಿಡತೆ. ಹಸಿರು ಬಣ್ಣ, ರೆಕ್ಕೆಯ ಮೇಲೆ ಎಲೆಯ ನರಗಳಂಥದ್ದೇ ಗೆರೆ, ಮೈಗಿಂತ ಉದ್ದದ ಮೀಸೆ. "ಮುಂಗಾಲು ನೋಡು, ಮೊಣಕಾಲಿನ ಕೆಳಗೆ," ಅಂದ ಗೆಳೆಯ. ಭೂತಗನ್ನಡಿ ಹಿಡಿದೆ. ಕಾಲು ಅಲ್ಲಿ ಸ್ವಲ್ಪ ಉಬ್ಬಿತ್ತು. ಅದರ ಪಕ್ಕದಲ್ಲಿ ಮೊಟ್ಟೆಯಾಕಾರದ ತೆಳ್ಳನೆ ಪೊರೆ, ಟಾರ್ಚಿನ ಬೆಳಕಿಗೆ ಮಿಂಚುತ್ತಿತ್ತು. ಅದೇ ಅದರ ಕಿವಿ! ಎರಡೂ ಮುಂಗಾಲಲ್ಲಿ ಇದೆ. ಅಷ್ಟು ಸಣ್ಣ ತಲೆಯ ಎರಡು ಪಕ್ಕಕ್ಕೆ ಕಿವಿ ಇದ್ದಿದ್ದರೆ ಸದ್ದು ಯಾವ ಕಡೆಯಿಂದ ಬಂತು ಅಂತ ತಿಳಿಯೋದು ಕಷ್ಟ. ಕಾಲು ಅಗಲಿಸಿ ನಿಂತರೆ ಕಿವಿಗಳ ನಡುವೆ ಅಂತರ ಸಿಗುತ್ತದೆ. ಗಂಡು ಹಾಡೋದು ರೆಕ್ಕೆಯಿಂದ. ಎಡ ರೆಕ್ಕೆಯ ಬುಡದಲ್ಲಿರುವ ಸಣ್ಣ ಹಲ್ಲುಗಳ ಸಾಲನ್ನು ಬಲ ರೆಕ್ಕೆಯ ಅಂಚಿಗೆ ಉಜ್ಜುತ್ತದೆ. ಹೆಣ್ಣು ಅದನ್ನು ಕಾಲಿನಿಂದ ಕೇಳಿ, ಅದೇ ಕಾಲಿನಿಂದ ನಡೆದು ಬರುತ್ತದೆ. ಗಿಡ್ಡ ಮೀಸೆಯ ಮಿಡತೆಗಳಿಗೆ ಕಿವಿ ಹೊಟ್ಟೆಯ ಪಕ್ಕದಲ್ಲಿರುತ್ತದೆ ಅಂತಲೂ ಗೊತ್ತಾಯಿತು. ನಮ್ಮ ಕಿವಿ ತಲೆಯಲ್ಲಿದೆ ಅಂತ ಎಲ್ಲರದೂ ಅಲ್ಲೇ ಇರಬೇಕಾ?

ಹತ್ತು ಗಂಟೆ ದಾಟಿದ ಮೇಲೆ ಚಂದ್ರ ಪತಂಗ ಬಂತು. ತಿಳಿ ಹಸಿರು ರೆಕ್ಕೆ, ಹಿಂದೆ ಎರಡು ಉದ್ದನೆ ಬಾಲ. ಬಂದು ಕೂತದ್ದು ಅಲ್ಲಾಡಲಿಲ್ಲ. ಮೀಸೆ ಜರಿಗಿಡದ ಎಲೆಯ ಹಾಗೆ ಕವಲೊಡೆದಿತ್ತು. ಗಂಡಿನ ಮೀಸೆ ಇಷ್ಟು ದಟ್ಟವಾಗಿರೋದು ಕತ್ತಲಲ್ಲಿ ದೂರದ ಹೆಣ್ಣಿನ ವಾಸನೆ ಹಿಡಿಯೋಕೆ. ಅಮೆರಿಕದಲ್ಲಿರುವ ಇದರ ಹತ್ತಿರದ ನೆಂಟ ಲೂನಾ ಪತಂಗದ ಮೇಲೆ ಪ್ರಯೋಗ ಮಾಡಿ ನೋಡಿದ್ದಾರೆ. ಸದ್ದಿನ ಪ್ರತಿಧ್ವನಿ ಹಿಡಿದು ಬೇಟೆಯಾಡುವ ಬಾವಲಿ, ತಿರುಚಿದ ಬಾಲಕ್ಕೆ ಬಾಯಿ ಹಾಕುತ್ತದೆ. ಬಾಲ ಹರಿದರೂ ಪತಂಗ ಬದುಕಿಕೊಳ್ಳುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಬಾಯಿ. ಚಿಟ್ಟೆಗಿರುವಂಥ ಸುರುಳಿ ನಾಲಿಗೆ ಕಾಣಲೇ ಇಲ್ಲ. ಕಂಬಳಿಹುಳುವಾಗಿದ್ದಾಗ ತಿಂದದ್ದೇ ಇದರ ಬುತ್ತಿ. ಅದು ತೀರುವ ಕೆಲವೇ ದಿನಗಳಲ್ಲಿ ಜೋಡಿ ಹುಡುಕಿ, ಮೊಟ್ಟೆಯಿಟ್ಟು ಮುಗಿಸಬೇಕು. ಲೈಟ್ ಆರಿಸಿಬಿಡೋಣ ಅಂದೆ. ಅದರ ರಾತ್ರಿಯನ್ನು ನಾವು ಹಾಳು ಮಾಡೋದು ಸರಿಯಲ್ಲ ಅನ್ನಿಸಿತು. ಗೆಳೆಯನೂ ಒಪ್ಪಿದ.

ಬೆಳಗ್ಗೆ ಜೋಗಿಗುಂಡಿ ದಾರಿ. ಇಂಬಳದ ಕಾಟ ಇದ್ದದ್ದೇ. ಅದು ಕೀಟದ ಜಾತಿಯಲ್ಲ, ಕಾಲೂ ಇಲ್ಲ, ಆದರೂ ಎಲ್ಲರಿಗಿಂತ ಮೊದಲು ಮೈಮೇಲೆ ಹತ್ತುತ್ತದೆ. ಹಳ್ಳದ ಅಂಚಿನ ನಿಂತ ನೀರಿನಲ್ಲಿ ಉದ್ದ ಕಾಲಿನ ಹುಳಗಳು ಓಡಾಡುತ್ತಿದ್ದವು. ನಡುವಿನ ಜೋಡಿ ಕಾಲು ಹುಟ್ಟು ಹಾಕೋಕೆ, ಹಿಂದಿನದು ದಿಕ್ಕು ತಿರುಗಿಸೋಕೆ, ಮುಂದಿನ ಗಿಡ್ಡ ಜೋಡಿ ಬೇಟೆ ಹಿಡಿಯೋಕೆ. ಕಾಲಿನ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ರೋಮ. ಅವುಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ಕಾಲು ಒದ್ದೆಯಾಗೋದಿಲ್ಲ. ಕಾಲೂರಿದ ಕಡೆ ನೀರು ಒಳಕ್ಕೆ ತಗ್ಗಿ, ತಳದ ಮರಳಿನ ಮೇಲೆ ದುಂಡನೆಯ ನೆರಳು ಬೀಳುತ್ತಿತ್ತು. ಪಕ್ಕದಲ್ಲೇ ಗಿರಗಿರ ಸುತ್ತುವ ಕರಿ ದುಂಬಿಗಳು. ಅವಕ್ಕೆ ಒಂದೊಂದು ಕಣ್ಣೂ ಎರಡು ಪಾಲು. ಮೇಲಿನದು ನೀರಿನ ಹೊರಗೆ ನೋಡುತ್ತದೆ, ಕೆಳಗಿನದು ನೀರೊಳಗೆ.

ವಾಪಸ್ ಬಂದಾಗ ಬಿಸಿಲು ಏರಿತ್ತು. ಬೇಲಿಯ ಮೇಲೆ ಒಂದು ಸದರ್ನ್ ಬರ್ಡ್‌ವಿಂಗ್, ಕರ್ನಾಟಕದ ರಾಜ್ಯ ಚಿಟ್ಟೆ. ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಹೊಂಬಣ್ಣದ ಹಳದಿ. ರೆಕ್ಕೆ ಬಿಚ್ಚಿದರೆ 19 ಸೆಂಟಿಮೀಟರ್‌ವರೆಗೂ ಅಗಲ ಬರುತ್ತದೆ. ಅದು ಈಶ್ವರಿ ಬಳ್ಳಿಯ ಎಲೆಗೆ ಮುಂಗಾಲಿನಿಂದ ಪಟಪಟನೆ ತಟ್ಟಿ ಮುಂದಕ್ಕೆ ಹೋಯಿತು. ಹೆಣ್ಣು ಚಿಟ್ಟೆ ಎಲೆಯ ರುಚಿ ನೋಡೋದು ಹೀಗೆ, ಕಾಲಿನ ತುದಿಯಿಂದ. ಅದರ ಮರಿಗಳು ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಗಿಡ ಬಿಟ್ಟು ಬೇರೆ ಎಲೆ ಮುಟ್ಟೋದಿಲ್ಲ. ಹಾಗಾಗಿ ತಾಯಿ ಎಲೆ ತಪ್ಪಿದರೆ ಮರಿಗೆ ಉಪವಾಸ.

ಮನೆಯ ಅಕ್ಕನಿಗೆ ಇದನ್ನು ಹೇಳಿದೆವು. "ಮೊಟ್ಟೆ ಇಡೋದು ಗೊತ್ತಿತ್ತು. ಕಾಲಲ್ಲಿ ರುಚಿ ನೋಡೋದು ಗೊತ್ತಿರ್ಲಿಲ್ಲ ಮಾರಾಯ್ರೇ," ಅಂದರು. ಬೇಲಿ ಸವರುವಾಗ ಆ ಬಳ್ಳಿಗೆ ಕತ್ತಿ ಹಾಕಬೇಡಿ ಅಂತ ಕೆಲಸದವರಿಗೆ ಅವರು ಪ್ರತಿ ವರ್ಷ ಹೇಳುತ್ತಾರಂತೆ.